ಮತ್ತಿ ಹಲಗೆಯ ಮೇಲೆ ಆರು ತಂತಿ

ಫೆಬ್ರುವರಿಯ ಒಂದು ಸಂಜೆ ಗಿಟಾರ್ ಹಿಡಿದು ಕೂತಿದ್ದೆ. ಅದರ ಕತ್ತಿನ, ಅಂದರೆ ನೆಕ್ಕಿನ ಮೇಲೆ ಎಡಗೈ ಜಾರಿದಾಗ ತೋರುಬೆರಳಿನ ಪಕ್ಕದಲ್ಲಿ ಚುರುಕ್ಕೆಂದಿತು. ನೋಡಿದರೆ ಕೂದಲೆಳೆಯಷ್ಟು ಗೀರು. ನೆಕ್ಕಿನ ಅಂಚಿನುದ್ದಕ್ಕೂ ಬೆರಳಾಡಿಸಿದೆ. ಸಣ್ಣ ಗರಗಸದ ಹಲ್ಲಿನ ಮೇಲೆ ಆಡಿಸಿದ ಹಾಗಾಯಿತು. ಮಳೆಗಾಲದಲ್ಲಿ ಅಂಗಡಿಯಿಂದ ತಂದಾಗ ಅದೇ ಅಂಚು ನುಣುಪಾಗಿಯೇ ಇತ್ತು. ಬೆಂಗಳೂರಿನ ಒಣಹವೆಗೆ ಮರ ಕುಗ್ಗಿತ್ತು. ಅದರಲ್ಲಿ ಅಡ್ಡಲಾಗಿ ಹೂತ ಲೋಹದ ಪಟ್ಟಿಗಳು, ಅಂದರೆ ಫ್ರೆಟ್ಟುಗಳು, ಕುಗ್ಗಿರಲಿಲ್ಲ. ಅವುಗಳ ತುದಿಗಳು ಹೊರಗೆ ಚಾಚಿಕೊಂಡಿದ್ದವು.

ಆ ಗಿಟಾರಿನ ತಲೆಯ ಹಿಂಬದಿಯಲ್ಲಿ ಇಂಡೊನೇಷ್ಯಾದಲ್ಲಿ ತಯಾರಾದದ್ದು ಎಂದು ಬರೆದಿದೆ. ಮುಂಬದಿಯಲ್ಲಿ ಅಮೆರಿಕದ ಹೆಸರು. ಆಕಾರ, ಬಣ್ಣ, ತಿರುಗುಣಿಗಳೆಲ್ಲ 1960ರ ದಶಕದ ಮಾದರಿಯವು. ಫ್ರೆಟ್ಟು ಕೂರಿಸಿದ ಹಲಗೆ ಯಾವ ಮರದ್ದೆಂದು ಕಂಪನಿಯ ವಿವರಪಟ್ಟಿಯಲ್ಲಿ ಹುಡುಕಿದೆ. ‘ಇಂಡಿಯನ್ ಲಾರೆಲ್’ ಎಂದಿತ್ತು. ಸಸ್ಯಶಾಸ್ತ್ರದ ಹೆಸರು ಟರ್ಮಿನೇಲಿಯಾ ಎಲಿಪ್ಟಿಕಾ. ಅಂದರೆ ನಮ್ಮ ಮತ್ತಿ! ಮೊಸಳೆಯ ಬೆನ್ನಿನಂತೆ ಬಿರಿದ ತೊಗಟೆಯ, ಬಂಡೀಪುರ-ನಾಗರಹೊಳೆಯ ಕಾಡುದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವ, ಮಲೆನಾಡಿನ ಮನೆಗಳಿಗೆ ತೊಲೆ ಪಕಾಸಿಯಾದ ಮತ್ತಿ.

ಅಮೆರಿಕದ ಹೆಸರು, ಇಂಡೊನೇಷ್ಯಾದವರ ದುಡಿಮೆ, ಮತ್ತಿಯ ಹಲಗೆ, ಅರವತ್ತು ವರ್ಷ ಹಳೆಯ ವಿನ್ಯಾಸ. ಇಷ್ಟೆಲ್ಲ ಒಂದೇ ವಾದ್ಯದಲ್ಲಿ ಬಂದು ಕೂತದ್ದು ಹೇಗೆ? ಒಂದೇ ಮಾದರಿಯ ಎರಡು ಗಿಟಾರುಗಳಲ್ಲಿ ಒಂದು ಕೈಗೆ ಹಿತವಾಗಿ ಇನ್ನೊಂದು ಮುಳ್ಳಾಗುವುದು ಯಾಕೆ? ಈ ಎರಡು ಪ್ರಶ್ನೆಗಳ ಬೆನ್ನುಹತ್ತಿದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮರುಮುದ್ರಣದ ವಾದ್ಯ

ಹಳೆಯ ಪುಸ್ತಕಕ್ಕೆ ಮರುಮುದ್ರಣ ಇದ್ದ ಹಾಗೆ ಗಿಟಾರಿಗೂ ಉಂಟು. ಅದನ್ನು ‘ರೀಇಶ್ಯೂ’ ಎನ್ನುತ್ತಾರೆ. 1950, 60ರ ದಶಕದ ಪ್ರಸಿದ್ಧ ಮಾದರಿಯನ್ನು ಅದೇ ಆಕಾರ, ಅದೇ ಬಣ್ಣ, ಆದಷ್ಟೂ ಅದೇ ಭಾಗಗಳೊಂದಿಗೆ ಮತ್ತೆ ತಯಾರಿಸುವುದು. ಪುಸ್ತಕದಲ್ಲಿ ದಪ್ಪ ರಟ್ಟಿನ ಪ್ರತಿ ಮತ್ತು ಅಗ್ಗದ ಜನಪ್ರಿಯ ಪ್ರತಿ ಎರಡೂ ಬರುವಂತೆ ಇಲ್ಲಿಯೂ ಎರಡು ಮೂರು ಅಂತಸ್ತುಗಳಿವೆ. ಫೆಂಡರ್ ಕಂಪನಿಯ ಅಮೆರಿಕದಲ್ಲಿ ತಯಾರಾದ ವಿಂಟೇಜ್ ಗಿಟಾರಿಗೆ 2000 ಡಾಲರ್‌ಗೂ ಹೆಚ್ಚು ಬೆಲೆ. ಮೆಕ್ಸಿಕೊದ ಎನ್ಸೆನಾಡಾ ಊರಿನಲ್ಲಿ ತಯಾರಾಗುವ ‘ವಿಂಟೆರಾ’ ಸರಣಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಅದೇ ಕಂಪನಿಯ ಒಡೆತನದ ಸ್ಕ್ವಯರ್ ಹೆಸರಿನಲ್ಲಿ ಬರುವ ‘ಕ್ಲಾಸಿಕ್ ವೈಬ್’ ಸರಣಿ ಇನ್ನೂ ಅಗ್ಗ. ದೂರದಿಂದ ನೋಡಿದರೆ ಮೂರೂ ಒಂದೇ.

ಮೂಲ ಗಿಟಾರ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ. ಲಿಯೊ ಫೆಂಡರ್ ಮೊದಲು ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಆದರೆ ವಸ್ತು ಹೇಗೆ ಕೆಡುತ್ತದೆ, ಕೆಟ್ಟದ್ದನ್ನು ಹೇಗೆ ಬೇಗ ಸರಿಪಡಿಸಬಹುದು ಎಂಬುದು ಗೊತ್ತಿತ್ತು. ಪಿಟೀಲಿನ ಹಾಗೆ ಒಡಲಿಗೆ ಕತ್ತನ್ನು ಅಂಟಿಸುವ ಬದಲು ನಾಲ್ಕು ಸ್ಕ್ರೂ ಹಾಕಿ ಬಿಗಿದರು. ನೆಕ್ ಸವೆದರೆ ಬಿಚ್ಚಿ ಇನ್ನೊಂದು ಹಾಕಿದರಾಯಿತು. ಟೆಲಿಕ್ಯಾಸ್ಟರ್ 1951ರಲ್ಲಿ, ಸ್ಟ್ರಾಟೊಕ್ಯಾಸ್ಟರ್ 1954ರಲ್ಲಿ ಬಂದವು. ಹುಟ್ಟಿದಾಗಲೇ ಅವು ಕಾರ್ಖಾನೆಯ ಕೂಸುಗಳು. ಹಲಸಿನ ದಿಮ್ಮಿಯನ್ನು ತಿಂಗಳುಗಟ್ಟಲೆ ಕೊರೆದು, ಮೇಣದ ಮೇಲೆ ಒಂದೊಂದೇ ಮೆಟ್ಟಿಲನ್ನು ಶ್ರುತಿ ನೋಡುತ್ತ ಕೂರಿಸಿ ಮೇಳ ಕಟ್ಟುವ ನಮ್ಮ ವೀಣೆಯ ಆಚಾರಿಯ ದಾರಿಯೇ ಬೇರೆ.

ಹಾಗೆಂದು ಅಲ್ಲಿ ಕೈಕೆಲಸ ಇರಲಿಲ್ಲ ಎಂದಲ್ಲ. ಐವತ್ತರ ದಶಕದ ಫೆಂಡರ್ ಗಿಟಾರುಗಳ ನೆಕ್ ಬಿಚ್ಚಿದರೆ ಕೆಲವದರ ಬುಡದಲ್ಲಿ ‘ಟಿಜಿ’ ಎಂಬ ಎರಡಕ್ಷರ ಸಿಗುತ್ತದೆ. ಅದು ನೆಕ್ಕಿಗೆ ದುಂಡು ಕೊಡುತ್ತಿದ್ದ ಟಡೆಯೊ ಗೋಮೆಜ್ ಎಂಬ ಕೆಲಸಗಾರನ ಗುರುತು. 1956ರಲ್ಲಿ ಕೆಲಸಕ್ಕೆ ಸೇರಿದ ಅಬಿಗೇಲ್ ಇಬಾರಾ ಎಂಬ ಹೆಣ್ಣುಮಗಳು ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಮಾಡುತ್ತಿದ್ದರು. ಐದು ದಶಕಕ್ಕೂ ಹೆಚ್ಚು ಕಾಲ ಆ ಕೆಲಸದಲ್ಲಿದ್ದರು. ‘ಅಪ್ಪಟ ಅಮೆರಿಕನ್’ ಎಂದು ಇಂದು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ ಹಳೆಯ ಗಿಟಾರಿನ ಗುಣ ಎಂದರೆ ಆ ಕಾರ್ಖಾನೆಯಲ್ಲಿ ದುಡಿದ ಇಂಥ ಕೈಗಳ ಗುಣ. ಈ ಮಾತನ್ನು ಇಲ್ಲೇ ಹೇಳಿಬಿಡಬೇಕು. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಮತ್ಸುಮೊಟೊದವರು ಕಲಿಸಿದ ಪಾಠ

1965ರ ಜನವರಿಯಲ್ಲಿ ಸಿಬಿಎಸ್ ಎಂಬ ಪ್ರಸಾರ ಸಂಸ್ಥೆ 1.3 ಕೋಟಿ ಡಾಲರ್ ಕೊಟ್ಟು ಫೆಂಡರ್ ಕಂಪನಿಯನ್ನು ಕೊಂಡಿತು. ಮುಂದಿನ ಹದಿನೈದು ವರ್ಷಗಳಲ್ಲಿ ತಯಾರಿಕೆ ಏರಿತು, ಕೆಲಸದ ಅಚ್ಚುಕಟ್ಟು ಇಳಿಯಿತು. ಎಪ್ಪತ್ತರ ದಶಕದ ಎಷ್ಟೋ ಗಿಟಾರುಗಳಲ್ಲಿ ನೆಕ್ಕಿಗೂ ಒಡಲಿಗೂ ನಡುವೆ ಸಂದು ಕಾಣುತ್ತದೆ. ನಾಲ್ಕು ಸ್ಕ್ರೂ ಮೂರಾಗಿತ್ತು. ಒಡಲು ಹೊರಲಾರದಷ್ಟು ಭಾರ. ವಾದಕರು ಹಳೆಯದನ್ನೇ ಹುಡುಕತೊಡಗಿದರು. ಹಳೆಯದು ಎಷ್ಟಿದ್ದೀತು?

ಆ ಕೊರತೆಯನ್ನು ತುಂಬಿದವರು ಜಪಾನಿನವರು. ಹಮಮತ್ಸು ಊರಿನ ಟೊಕೈ ಕಂಪನಿ, ಗ್ರೆಕೊ ಹೆಸರಿನಲ್ಲಿ ಮಾರುತ್ತಿದ್ದ ಕಾಂಡಾ ಶೋಕಾಯ್, ಇಬಾನೆಜ್ ಹೆಸರಿನ ಹೊಶಿನೊ ಗಕ್ಕಿ — ಇವರೆಲ್ಲ ಐವತ್ತು, ಅರವತ್ತರ ದಶಕದ ಅಮೆರಿಕನ್ ಗಿಟಾರುಗಳ ಪಡಿಯಚ್ಚು ಮಾಡಿದರು. ಮೊದಮೊದಲು ಹೊರರೂಪದ ನಕಲು ಮಾತ್ರ. ಎಪ್ಪತ್ತರ ಕೊನೆಯ ಹೊತ್ತಿಗೆ ಮೂಲವನ್ನು ಬಿಚ್ಚಿ, ಅಳೆದು, ಮರದ ಜಾತಿಯಿಂದ ಸ್ಕ್ರೂವಿನ ತಲೆಯವರೆಗೂ ಸರಿಗಟ್ಟುವ ಹಟ. ಅಮೆರಿಕದ ಇನ್ನೊಂದು ಗಿಟಾರ್ ಕಂಪನಿ ಗಿಬ್ಸನ್‌ನ ಮಾತೃಸಂಸ್ಥೆ ನಾರ್ಲಿನ್ 1977ರಲ್ಲಿ ಇಬಾನೆಜ್‌ನ ಅಮೆರಿಕ ವಿತರಕರ ಮೇಲೆ ಫಿಲಡೆಲ್ಫಿಯಾದ ನ್ಯಾಯಾಲಯಕ್ಕೆ ಹೋಯಿತು. ಜಗಳ ಗಿಟಾರಿನ ತಲೆಯ ಆಕಾರದ್ದು. ಕೊನೆಗೆ ರಾಜಿಯಾಯಿತು.

ಫೆಂಡರ್ ಬೇರೆ ದಾರಿ ಹಿಡಿಯಿತು. 1982ರಲ್ಲಿ ಕಾಂಡಾ ಶೋಕಾಯ್ ಮತ್ತು ಯಮಾನೊ ಗಕ್ಕಿ ಜೊತೆ ಸೇರಿ ಫೆಂಡರ್ ಜಪಾನ್ ಕಟ್ಟಿತು. ನಕಲು ಮಾಡುವವರ ಕೈಗೇ ಅಸಲಿ ಹೆಸರನ್ನು ಕೊಟ್ಟಂತಾಯಿತು. ಕೆಲಸ ನಾಗಾನೊ ಪ್ರಾಂತ್ಯದ ಮತ್ಸುಮೊಟೊ ಊರಿನ ಫುಜಿಗೆನ್ ಕಾರ್ಖಾನೆಗೆ ಹೋಯಿತು. ಬೆಟ್ಟಗಳ ನಡುವಿನ ಆ ಊರು ಮರದ ಪೀಠೋಪಕರಣಕ್ಕೆ ಮೊದಲಿನಿಂದಲೂ ಹೆಸರಾದದ್ದು. ಅಲ್ಲಿನದೇ ಇನ್ನೊಂದು ಕಾರ್ಖಾನೆ ಮತ್ಸುಮೊಕು, ಗಿಟಾರಿಗೆ ಬರುವ ಮೊದಲು ಹೊಲಿಗೆ ಯಂತ್ರದ ಮರದ ಪೆಟ್ಟಿಗೆ ಮಾಡುತ್ತಿತ್ತು. ಮರದ ಗುಣ ಬಲ್ಲವರ ಊರಿಗೆ ವಾದ್ಯ ಹೋಗಿ ಸೇರಿತ್ತು.

ಯುರೋಪಿನ ಮಾರುಕಟ್ಟೆಗೆಂದು ಮಾಡಿದ ಅಗ್ಗದ ಸರಣಿಗೆ ಹೆಸರು ಬೇಕಿತ್ತು. ಫೆಂಡರ್ 1965ರಲ್ಲಿ ಮಿಷಿಗನ್ ರಾಜ್ಯದ ವಿ.ಸಿ. ಸ್ಕ್ವಯರ್ ಎಂಬ ತಂತಿ ತಯಾರಕ ಕಂಪನಿಯನ್ನು ಕೊಂಡಿತ್ತು. ಆ ಹೆಸರನ್ನೇ ಇಟ್ಟರು. ‘ಜೆವಿ’ ಎಂದು ಶುರುವಾಗುವ ಕ್ರಮಸಂಖ್ಯೆಯ ಆ ಮೊದಲ ಸ್ಕ್ವಯರ್‌ಗಳು ಅಗ್ಗದವೆಂದು ಹುಟ್ಟಿ, ಈಗ ಸಂಗ್ರಾಹಕರು ಹುಡುಕಿಕೊಂಡು ಹೋಗುವ ವಸ್ತುಗಳಾಗಿವೆ. ಅದೇ ಹೊತ್ತಿಗೆ ಫುಲರ್ಟನ್‌ನಲ್ಲೂ 1957 ಮತ್ತು 1962ರ ಮಾದರಿಗಳ ಮರುಮುದ್ರಣ ಶುರುವಾಗಿತ್ತು. ತಾವು ಹೆಣಗಿ ಮಾಡುತ್ತಿದ್ದದ್ದನ್ನು ಜಪಾನಿನವರು ಇಷ್ಟು ಸರಾಗವಾಗಿ ಮಾಡಿದ್ದಾರಲ್ಲ ಎಂದು ಅಮೆರಿಕದ ಮೇಲಧಿಕಾರಿಗಳು ಬೆರಗಾದರು. 1985ರಲ್ಲಿ ಬಿಲ್ ಷುಲ್ಟ್ಸ್ ಮುಂದಾಳತ್ವದಲ್ಲಿ ನೌಕರರೇ ಸೇರಿ ಸಿಬಿಎಸ್‌ನಿಂದ ಕಂಪನಿಯನ್ನು ಬಿಡಿಸಿಕೊಂಡಾಗ ಫುಲರ್ಟನ್ ಕಾರ್ಖಾನೆ ಆ ಮಾರಾಟದಲ್ಲಿ ಸೇರಿರಲಿಲ್ಲ. ಕರೋನಾ ಊರಿನ ಹೊಸ ಕಾರ್ಖಾನೆ ಕಾಲೂರುವವರೆಗೆ ಕಂಪನಿಯ ಹೆಸರನ್ನು ಉಳಿಸಿದ್ದು ಮತ್ಸುಮೊಟೊದ ಗಿಟಾರುಗಳೇ.

ಗಿಟಾರಿನ ಗುಣ ದೇಶಕ್ಕೆ ಅಂಟಿಕೊಂಡದ್ದಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಕೂಲಿಯ ಹಿಂದೆ ಹೋದ ಕಾರ್ಖಾನೆ

1985ರಲ್ಲಿ ಒಂದು ಡಾಲರಿಗೆ 240 ಯೆನ್ ಆಸುಪಾಸು ಇತ್ತು. ಡಾಲರಿನ ಬೆಲೆ ಇಳಿಸಲೆಂದು ಆ ವರ್ಷದ ಸೆಪ್ಟೆಂಬರಿನಲ್ಲಿ ಆದ ಪ್ಲಾಜಾ ಒಪ್ಪಂದದ ನಂತರ ಯೆನ್ ಬಲಗೊಳ್ಳುತ್ತ ಹೋಗಿ 1987ರ ಕೊನೆಗೆ ಸುಮಾರು 120ಕ್ಕೆ ಬಂದು ನಿಂತಿತು. ಮತ್ಸುಮೊಟೊದಲ್ಲಿ ಯಾರ ಕೈಯೂ ಸೋತಿರಲಿಲ್ಲ, ಯಾವ ಉಳಿಯೂ ಮೊಂಡಾಗಿರಲಿಲ್ಲ. ಆದರೆ ಅವರ ಗಿಟಾರಿನ ಬೆಲೆ ಡಾಲರಿನ ಲೆಕ್ಕದಲ್ಲಿ ಎರಡು ಪಟ್ಟಾಗಿತ್ತು. ಮತ್ಸುಮೊಕು 1987ರಲ್ಲಿ ಬಾಗಿಲು ಹಾಕಿತು. ಅಗ್ಗದ ಗಿಟಾರ್ ಕೊರಿಯಾಕ್ಕೆ ಹೊರಟಿತು. ಅಲ್ಲಿ ಅದನ್ನು ಮಾಡಿದವರು ಯಂಗ್ ಚಾಂಗ್, ಸ್ಯಾಮಿಕ್ ಎಂಬ ಪಿಯಾನೊ ಕಂಪನಿಗಳು, ಮತ್ತು ಕೊರ್‌ಟೆಕ್.

ಇದೇ ಹುಡುಕಾಟದಲ್ಲಿ ಎಂಬತ್ತರ ಕೊನೆಗೆ ಕೆಲವು ಸ್ಕ್ವಯರ್ 2 ಮತ್ತು ಸನ್ ಮಸ್ಟಾಂಗ್ ಗಿಟಾರುಗಳು ಭಾರತದಲ್ಲೂ ತಯಾರಾದವು. ‘ಮೇಡ್ ಇನ್ ಇಂಡಿಯಾ’ ಎಂದು ತಲೆಯ ಮೇಲೆ ಹೊತ್ತ ಆ ಗಿಟಾರುಗಳು ಈಗಲೂ ಅಲ್ಲಲ್ಲಿ ಸಿಗುತ್ತವೆ. ಪ್ಲೈವುಡ್ ಒಡಲು, ಒರಟು ಫ್ರೆಟ್ ಕೆಲಸ. ಅದು ಹೆಚ್ಚು ಕಾಲ ನಡೆಯಲಿಲ್ಲ. ವೀಣೆಯ ನಾಡಿನವರಿಗೆ ಕೈ ಇರಲಿಲ್ಲ ಎಂದು ನಾನು ಒಪ್ಪುವುದಿಲ್ಲ. ಅಗ್ಗವಾಗಿ, ಬೇಗ ಆಗಲಿ ಎಂದು ಕೇಳಿದಲ್ಲಿ ಯಾವ ಊರಿನ ಕೈಯೂ ತನ್ನ ಪೂರ್ತಿ ಗುಣ ತೋರಿಸಲಾರದು.

ಕೊರಿಯಾದಲ್ಲೂ ಕೂಲಿ ಏರಿತು. ಸ್ಯಾಮಿಕ್ ಮತ್ತು ಕೊರ್‌ಟೆಕ್ ತೊಂಬತ್ತರ ದಶಕದಲ್ಲಿ ಇಂಡೊನೇಷ್ಯಾದಲ್ಲಿ ಕಾರ್ಖಾನೆ ತೆರೆದವು. 2007ರಲ್ಲಿ ಕೊರ್‌ಟೆಕ್ ತನ್ನ ಇಂಚಿಯಾನ್ ಕಾರ್ಖಾನೆಯಿಂದ ಹಲವು ಕಾರ್ಮಿಕರನ್ನು ತೆಗೆದುಹಾಕಿತು. ಅದೇ ಸಮೂಹದ ಡೇಜಾನ್ ಕಾರ್ಖಾನೆ ಮುಚ್ಚಿತು. ಮುಂದಿನ ವರ್ಷ ಇಂಚಿಯಾನ್ ಕೂಡ. ವರ್ಷಗಟ್ಟಲೆ ಮರದ ಧೂಳು, ಬಣ್ಣದ ಗಾಳಿ ಕುಡಿದು ಜಗತ್ತಿನ ಹೆಸರಾಂತ ಕಂಪನಿಗಳಿಗೆ ಗಿಟಾರ್ ಮಾಡಿಕೊಟ್ಟವರು ಬೀದಿಗೆ ಬಂದರು. ಅವರು ಸುಮ್ಮನೆ ಮನೆಗೆ ಹೋಗಲಿಲ್ಲ. ಧರಣಿ ಕೂತರು. ನ್ಯಾಯಾಲಯಕ್ಕೆ ಹೋದರು. ಜಪಾನ್, ಜರ್ಮನಿ, ಅಮೆರಿಕದ ವಾದ್ಯ ಮೇಳಗಳ ಬಾಗಿಲಿಗೆ ಹೋಗಿ ತಮ್ಮ ಕಥೆ ಹೇಳಿದರು. ಅಷ್ಟು ಕಾಲ ಗಿಟಾರ್ ಮಾಡಿದ್ದರೇ ಹೊರತು ಅವರಲ್ಲಿ ಹೆಚ್ಚಿನವರಿಗೆ ನುಡಿಸಲು ಬರುತ್ತಿರಲಿಲ್ಲ. ಹೋರಾಟದ ನಡುವೆ ಕಲಿತು ತಮ್ಮದೇ ವಾದ್ಯತಂಡ ಕಟ್ಟಿದರು. ಅವರಲ್ಲೊಬ್ಬರು, ಇಮ್ ಜೇ-ಚುನ್, 2019ರಲ್ಲಿ 42 ದಿನ ಉಪವಾಸ ಕೂತರು. ಆ ಏಪ್ರಿಲಿನಲ್ಲಿ ಕಂಪನಿ ವಿಷಾದ ವ್ಯಕ್ತಪಡಿಸಿ ಒಪ್ಪಂದಕ್ಕೆ ಬಂದಾಗ ಹೋರಾಟಕ್ಕೆ 4,464 ದಿನ ತುಂಬಿತ್ತು.

ಗಿಟಾರಿನ ಬಗ್ಗೆ ಬರೆಯುವವರು ಮರ, ಬಣ್ಣ, ಪಿಕಪ್ ಎಂದು ಪುಟಗಟ್ಟಲೆ ಬರೆಯುತ್ತಾರೆ. ಈ 4,464 ದಿನಗಳೂ ಆ ವಾದ್ಯದ ಬೆಲೆಯಲ್ಲಿ ಸೇರಿವೆ ಎಂದು ಬರೆದವರು ಕಡಿಮೆ. ‘ಕೊರಿಯಾದ್ದು ಚೆನ್ನಾಗಿತ್ತು, ಇಂಡೊನೇಷ್ಯಾದ್ದು ಹೇಗೋ’ ಎಂದು ಅಂಗಡಿಯಲ್ಲಿ ಹಗುರವಾಗಿ ಮಾತಾಡುವಾಗ ನನಗೆ ಆ ಜನ ನೆನಪಾಗುತ್ತಾರೆ.

ಒಂದೇ ಸೂರು, ಹಲವು ಹೆಸರು

ಈಗಿನ ನಕ್ಷೆಯನ್ನು ಚುರುಕಾಗಿ ಹೇಳಿಬಿಡುತ್ತೇನೆ. ಗಿಬ್ಸನ್‌ನ ಅಗ್ಗದ ರೂಪವಾದ ಎಪಿಫೋನ್‌ಗೆ ಚೀನಾದ ಚಿಂಗ್‌ದಾವ್ ಬಂದರು ಪಟ್ಟಣದಲ್ಲಿ 2004ರಿಂದ ಸ್ವಂತ ಕಾರ್ಖಾನೆ ಇದೆ. ಫೆಂಡರ್‌ನ ಎನ್ಸೆನಾಡಾ ಕಾರ್ಖಾನೆಯೂ ಸ್ವಂತದ್ದು, 1987ರಲ್ಲಿ ಶುರುವಾದದ್ದು. ಸ್ಕ್ವಯರ್‌ಗೆ ಸ್ವಂತ ಕಾರ್ಖಾನೆ ಇಲ್ಲ. ಕ್ಲಾಸಿಕ್ ವೈಬ್ ಸರಣಿ 2008ರಲ್ಲಿ ಚೀನಾದಲ್ಲಿ ಶುರುವಾಗಿ 2019ರಲ್ಲಿ ಇಂಡೊನೇಷ್ಯಾಕ್ಕೆ ಹೋಯಿತು. ಆಮೇಲೆ ಕೆಲವು ಮಾದರಿಗಳು ಮತ್ತೆ ಚೀನಾದಿಂದ ಬರತೊಡಗಿದವು. ಕ್ರಮಸಂಖ್ಯೆ ‘ಐಸಿಎಸ್’ ಎಂದು ಶುರುವಾದರೆ ಅದು ಇಂಡೊನೇಷ್ಯಾದ ಕೊರ್‌ಟೆಕ್ ಕಾರ್ಖಾನೆಯದ್ದು.

ಸುರಬಾಯಾ ಊರಿನ ಆ ಕಾರ್ಖಾನೆಯನ್ನು ಸ್ವಲ್ಪ ಗಮನಿಸಬೇಕು. ಅಲ್ಲಿ ಸ್ಕ್ವಯರ್ ತಯಾರಾಗುತ್ತದೆ. ಲಿಯೊ ಫೆಂಡರ್ ಕೊನೆಗಾಲದಲ್ಲಿ ಕಟ್ಟಿದ ಜಿ ಅಂಡ್ ಎಲ್ ಕಂಪನಿಯ ‘ಟ್ರಿಬ್ಯೂಟ್’ ಸರಣಿ ಅಲ್ಲಿಂದಲೇ ಬಂದದ್ದು. ಪಿಆರ್‌ಎಸ್ ಕಂಪನಿ ತನ್ನ ‘ಎಸ್‌ಇ’ ಸರಣಿಯ ಹೆಚ್ಚಿನ ಪಾಲನ್ನು ಕೊರಿಯಾದಿಂದ ಅಲ್ಲಿಗೆ ಸಾಗಿಸಿತು. ಇಬಾನೆಜ್‌ನ ಕೆಲವು, ಕೊರ್ಟ್ ಎಂಬ ತನ್ನದೇ ಹೆಸರಿನವು ಬೇರೆ. ಒಂದೇ ಆಡಳಿತ, ಒಂದೇ ಊರಿನ ಜನ. ಆದರೂ ಅಲ್ಲಿಂದ ಹೊರಬೀಳುವ ಗಿಟಾರುಗಳ ಬೆಲೆಯೂ ಗುಣವೂ ಒಂದೇ ಅಲ್ಲ. ಹೋಟೆಲಿನ ಒಂದೇ ಅಡುಗೆಮನೆಯಿಂದ ನಿಂತು ತಿನ್ನುವವರಿಗೂ ಮದುವೆಯೂಟಕ್ಕೂ ಅಡುಗೆ ಹೋಗುತ್ತದಲ್ಲ, ಹಾಗೆ. ಕಂಪನಿ ಯಾವ ದರ್ಜೆಯ ಭಾಗ ಹಾಕಲು ಹೇಳಿದೆ, ಒಂದೊಂದು ಗಿಟಾರಿಗೆ ಎಷ್ಟು ಹೊತ್ತಿನ ಕೂಲಿ ಕೊಟ್ಟಿದೆ, ಎಷ್ಟು ತಪ್ಪಿದ್ದರೆ ತಿರಸ್ಕರಿಸು ಎಂದಿದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಈ ದಾರಿಯೇ ಬೇಡ ಎಂದವರೂ ಇದ್ದಾರೆ. ರಿಕನ್‌ಬ್ಯಾಕರ್ ಕಂಪನಿಗೆ ಅಗ್ಗದ ಸರಣಿಯೇ ಇಲ್ಲ. ಎಲ್ಲವನ್ನೂ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ತಾನೇ ಮಾಡುತ್ತದೆ. ಬೇಕಾದವರು ಕಾಯುತ್ತಾರೆ, ಬೆಲೆ ತೆರುತ್ತಾರೆ.

42 ತುದಿಗಳು

ಈಗ ನನ್ನ ಬೆರಳಿಗೆ ಗೀರಿದ ಫ್ರೆಟ್ಟಿಗೆ ಬರೋಣ.

ಇಂದು ಗಿಟಾರಿನ ಒಡಲು ಕೊರೆಯುವುದು ಗಣಕ ನಡೆಸುವ ಯಂತ್ರ. ನೆಕ್ಕಿನ ಆಕಾರ, ಸ್ಕ್ರೂ ಕೂರುವ ತೂತು, ಪಿಕಪ್ ಕೂರುವ ಗುಳಿ ಎಲ್ಲವನ್ನೂ ಅದು ಸುರಬಾಯಾದಲ್ಲೂ ಕರೋನಾದಲ್ಲೂ ಒಂದೇ ನಿಖರತೆಯಿಂದ ಕೊರೆಯುತ್ತದೆ. ಎಪ್ಪತ್ತರ ದಶಕದ ದುಬಾರಿ ಗಿಟಾರಿನಲ್ಲಿ ಕಾಣುತ್ತಿದ್ದ ಸಂದು ಇಂದಿನ ಅಗ್ಗದ ಗಿಟಾರಿನಲ್ಲಿ ಅಪರೂಪ. ಅಗ್ಗದ ಗಿಟಾರ್ ಹಿಂದೆಂದೂ ಇಷ್ಟು ಚೆನ್ನಾಗಿರಲಿಲ್ಲ ಎಂದು ವಾದಕರು ಹೇಳುವುದು ಈ ಕಾರಣಕ್ಕೆ. ಆ ಮಾತು ನಿಜ.

ಯಂತ್ರ ಮುಗಿಸಿದ ಮೇಲೆ ಕೈ ಮಾಡಬೇಕಾದ ಕೆಲಸ ಉಳಿಯುತ್ತದೆ. ಸ್ಟ್ರಾಟೊಕ್ಯಾಸ್ಟರಿನ ಹಳೆಯ ಮಾದರಿಗೆ 21 ಫ್ರೆಟ್. ಒಂದೊಂದಕ್ಕೆ ಎರಡು ತುದಿ. ಒಟ್ಟು 42. ಒಂದೊಂದು ತುದಿಯನ್ನೂ ಅರದಿಂದ ಓರೆಯಾಗಿ ಉಜ್ಜಿ, ಮೂಲೆ ಮುರಿದು, ದುಂಡಗೆ ಮಾಡಿ, ಉಪ್ಪುಕಾಗದದಿಂದ ನಯಗೊಳಿಸಬೇಕು. ಲೆಕ್ಕ ಹಾಕಿ ನೋಡಿ: ಒಂದು ತುದಿಗೆ ಒಂದು ನಿಮಿಷವೆಂದರೆ 42 ನಿಮಿಷ. ಹತ್ತು ಸೆಕೆಂಡ್ ಎಂದರೆ ಏಳು ನಿಮಿಷ. ಉಳಿದ 35 ನಿಮಿಷವೇ ಅಗ್ಗದ ಗಿಟಾರಿಗೂ ದುಬಾರಿಯದ್ದಕ್ಕೂ ನಡುವಿನ ಅಂತರ. ಮರ, ಬಣ್ಣ, ದೇಶ ಎಲ್ಲ ಆಮೇಲೆ.

ಒಂದೇ ಮಾದರಿಯೊಳಗಿನ ವ್ಯತ್ಯಾಸಕ್ಕೂ ಇಲ್ಲೇ ಉತ್ತರವಿದೆ. ಯಂತ್ರ ಬೆಳಿಗ್ಗೆ ಕೊರೆದ ಹಾಗೆಯೇ ಸಂಜೆಯೂ ಕೊರೆಯುತ್ತದೆ. ಪಾಳಿಯ ಮೊದಲ ಗಿಟಾರಿನ ಮೇಲೆ ಆಡಿದ ಕೈ ಕೊನೆಯ ಗಿಟಾರಿನ ಹೊತ್ತಿಗೆ ದಣಿದಿರುತ್ತದೆ. ಹತ್ತು ವರ್ಷ ಪಳಗಿದವರ ಪಕ್ಕದಲ್ಲಿ ಹೊಸಬರು ನಿಂತಿರುತ್ತಾರೆ. ಹಾಗಾಗಿ ಒಂದೇ ಪೆಟ್ಟಿಗೆಯಲ್ಲಿ ಬಂದ ಎರಡರಲ್ಲಿ ಒಂದು ಬೆಣ್ಣೆ, ಇನ್ನೊಂದು ಗರಗಸ.

ಇದರ ಮೇಲೆ ಹವೆಯ ಆಟ. ಗಿಟಾರಿನ ಮರವನ್ನು ಶೇ 6ರಿಂದ 8ರಷ್ಟು ತೇವ ಉಳಿಯುವವರೆಗೆ ಒಣಗಿಸುವುದು ವಾಡಿಕೆ. ಅವಸರದಲ್ಲಿ ಒಣಗಿದ ಮರ ಆಮೇಲೂ ಮಿಸುಕಾಡುತ್ತದೆ. ಕಡಲತೀರದ ಊರಿನಲ್ಲಿ ಹುಟ್ಟಿ, ಹಡಗಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಕೂತು, ಚಳಿಗಾಲ ಕಳೆದ ಬೆಂಗಳೂರಿಗೋ ಬಿಸಿಲಿನ ರಾಯಚೂರಿಗೋ ಬಂದ ನೆಕ್ ಕುಗ್ಗಿಯೇ ಕುಗ್ಗುತ್ತದೆ. ಮಂಗಳೂರಿನಲ್ಲಿ ಈ ಕಾಟ ಕಡಿಮೆ. ಅಲ್ಲಿ ತಂತಿ, ಸ್ಕ್ರೂ, ಪಿಕಪ್ಪಿನ ಮುಚ್ಚಳಕ್ಕೆ ತುಕ್ಕಿನ ಕಾಟ.

ಎರಡನೆಯ ಕೈಕೆಲಸ ನಟ್ಟಿನದು. ತಲೆಯ ಬುಡದಲ್ಲಿ ತಂತಿಗಳು ಹಾದುಬರುವ ಆರು ಗೀರಿನ ಸಣ್ಣ ಪಟ್ಟಿ ಅದು. ಗೀರು ಆಳವಾದರೆ ತಂತಿ ಫ್ರೆಟ್ಟಿಗೆ ತಾಗಿ ಜುಮುಗುಡುತ್ತದೆ. ಆಮೇಲೆ ಪಟ್ಟಿಯನ್ನೇ ಬದಲಿಸಬೇಕು. ಆ ಭಯಕ್ಕೆ ಕಾರ್ಖಾನೆಯಲ್ಲಿ ಆಳ ಕಡಿಮೆ ಬಿಡುತ್ತಾರೆ. ಅರ್ಧ ಮಿಲಿಮೀಟರ್ ಎತ್ತರ ಉಳಿದರೂ ಮೊದಲ ಫ್ರೆಟ್ಟುಗಳಲ್ಲಿ ತಂತಿ ಒತ್ತಲು ಬಹಳ ಬಲ ಬೇಕು. ಒತ್ತಿದ ಸ್ವರ ಶ್ರುತಿಗಿಂತ ಮೇಲೇಳುತ್ತದೆ. ಹೊಸದಾಗಿ ಕಲಿಯುವವರು ಕೈ ಇಡುವುದೇ ಅಲ್ಲಿ. ‘ಎಫ್’ ಕಾರ್ಡ್ ಹಿಡಿಯಲಾಗದೆ ಬೆರಳು ನೋಯಿಸಿಕೊಂಡು, ತನಗೆ ಸಂಗೀತ ಒಲಿಯುವುದಿಲ್ಲ ಎಂದು ಗಿಟಾರನ್ನು ಅಟ್ಟಕ್ಕೆ ಹಾಕಿದ ಮಕ್ಕಳನ್ನು ನಾನು ಕಂಡಿದ್ದೇನೆ. ತಪ್ಪು ಆ ಮಕ್ಕಳದ್ದಲ್ಲ. ಆರು ಗೀರಿಗೆ ಸರಿಯಾಗಿ ಅರ ಹಾಕದೆ ಮಾರಿದವರದ್ದು. ಇದನ್ನು ತಂದೆತಾಯಂದಿರಿಗೆ ಹೇಳಬೇಕೆಂದೇ ಈ ಲೇಖನ ಬರೆಯಲು ಕೂತೆ ಎಂದರೂ ತಪ್ಪಿಲ್ಲ.

ಉಳಿದ ವ್ಯತ್ಯಾಸಗಳು ಕೊಳ್ಳುವವರು ತಿಳಿದಿರಬೇಕಾದವು, ಆದರೆ ಅಷ್ಟು ದೊಡ್ಡವಲ್ಲ. ಹಳೆಯ ಗಿಟಾರಿನ ಪಿಕಪ್ಪಿನಲ್ಲಿ ಅಲ್ನಿಕೊ ಎಂಬ ಮಿಶ್ರಲೋಹದ ಕಾಂತದ ಕಡ್ಡಿಗಳಿರುತ್ತಿದ್ದವು. ಬಹಳ ಅಗ್ಗದವುಗಳಲ್ಲಿ ಉಕ್ಕಿನ ಕಡ್ಡಿಯಿಟ್ಟು ಅಡಿಗೆ ಸೆರಾಮಿಕ್ ಕಾಂತದ ಪಟ್ಟಿ ಅಂಟಿಸುತ್ತಾರೆ. ಅದರ ನಾದ ತುಸು ಚೂಪು. ಕ್ಲಾಸಿಕ್ ವೈಬ್‌ನಲ್ಲಿ ಅಲ್ನಿಕೊ ಹಾಕುತ್ತಾರೆ, ಅದರಿಂದಲೇ ಆ ಸರಣಿಗೆ ಅಷ್ಟು ಹೆಸರು. ಗಿಬ್ಸನ್ ಲೆಸ್ ಪಾಲ್‌ನ ಮುಖದ ಮೇಲಿನ ಜ್ವಾಲೆಯಂಥ ಗೆರೆ ದಪ್ಪ ಮೇಪಲ್ ಹಲಗೆಯದ್ದು. ಎಪಿಫೋನ್‌ನಲ್ಲಿ ಅದು ಕಾಗದದಷ್ಟು ತೆಳುವಾದ ಹೊದಿಕೆ. ನಾದದ ತಿರುಗುಣಿಗಳು ಸಣ್ಣವಿದ್ದರೆ ಎರಡು ಮೂರು ವರ್ಷಕ್ಕೆ ಕರಕರ ಎನ್ನುತ್ತವೆ. ಅಗ್ಗದವುಗಳಲ್ಲಿ ತಂತಿ ಕೂರುವ ಕುದುರೆಯ ಅಡಿಯ ಲೋಹದ ಗಟ್ಟಿ ತೆಳುವಾಗಿರುತ್ತದೆ. ಇವನ್ನೆಲ್ಲ ಆಮೇಲೆ ಬದಲಿಸಿಕೊಳ್ಳಬಹುದು. ಸೊಟ್ಟಗಾದ ನೆಕ್ಕನ್ನು ಮಾತ್ರ ನೇರ ಮಾಡುವುದು ಕಷ್ಟ.

ಬೀಟೆ ಹೋಗಿ ಮತ್ತಿ ಬಂತು

ಮತ್ತಿ ಗಿಟಾರಿಗೆ ಬಂದದ್ದಕ್ಕೂ ಒಂದು ಕಾರಣವಿದೆ. ಅರವತ್ತರ ದಶಕದ ಮಾದರಿಯ ಫ್ರೆಟ್ ಹಲಗೆ ರೋಸ್‌ವುಡ್‌ನದು. ಮೊದಲು ಬ್ರೆಜಿಲ್‌ನದು ಬಳಸುತ್ತಿದ್ದರು, ಆಮೇಲೆ ಭಾರತದ್ದು, ಅಂದರೆ ನಮ್ಮ ಪಶ್ಚಿಮಘಟ್ಟದ ಬೀಟೆ. ಚೀನಾದ ಪೀಠೋಪಕರಣ ಮಾರುಕಟ್ಟೆಗಾಗಿ ಆಫ್ರಿಕಾ, ಏಷ್ಯಾಗಳಲ್ಲಿ ರೋಸ್‌ವುಡ್ ಜಾತಿಯ ಮರಗಳು ಬೇಕಾಬಿಟ್ಟಿ ಉರುಳತೊಡಗಿದವು. ಅದನ್ನು ತಡೆಯಲು, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದ 2017ರ ಜನವರಿ 2ರಿಂದ ಬೀಟೆಯೂ ಸೇರಿದ ಇಡೀ ಡಾಲ್ಬರ್ಜಿಯಾ ಕುಲವನ್ನು ತನ್ನ ಪಟ್ಟಿಗೆ ಸೇರಿಸಿತು. ಒಂದೊಂದು ಗಿಟಾರಿನ ರವಾನೆಗೂ ಕಾಗದಪತ್ರ ಬೇಕಾಯಿತು. ಲಕ್ಷಗಟ್ಟಲೆ ಅಗ್ಗದ ಗಿಟಾರ್ ಮಾಡುವವರು ಬೀಟೆಯನ್ನೇ ಕೈಬಿಟ್ಟರು. ಸ್ಕ್ವಯರ್, ಎಪಿಫೋನ್ ಸೇರಿ ಹಲವು ಹೆಸರಿನವರು ಹಿಡಿದದ್ದು ಮತ್ತಿಯನ್ನು. 2019ರ ನವೆಂಬರ್ 26ರಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಮತ್ತಿ ಅಗ್ಗದ ಗಿಟಾರುಗಳಲ್ಲಿ ನೆಲೆಯೂರಿಯಾಗಿತ್ತು.

ಮತ್ತಿ ಕಳಪೆ ಎಂದು ಮೂಗು ಮುರಿಯುವವರನ್ನು ನೋಡಿದ್ದೇನೆ. ತೊಲೆಯಾಗಿ ನೂರು ಮಳೆಗಾಲ ಸೂರು ಹೊತ್ತ ಮರ ಆರು ತಂತಿ ಹೊರಲಾರದೇ? ಬೀಟೆಗಿಂತ ಅದರ ಬಣ್ಣ ತುಸು ತಿಳಿ, ಎಳೆ ತುಸು ಒರಟು, ಅಷ್ಟೇ. ಒಣಗಾಲಕ್ಕೆ ಮುನ್ನ ತೆಳುವಾಗಿ ಎಣ್ಣೆ ಸವರಿ ಒರೆಸಿದರೆ ಬಣ್ಣವೂ ಗಾಢವಾಗುತ್ತದೆ, ಕುಗ್ಗುವುದೂ ಕಡಿಮೆ.

ನನ್ನ ಗಿಟಾರನ್ನು ರಿಪೇರಿ ಬಲ್ಲವರೊಬ್ಬರ ಬಳಿ ಒಯ್ದೆ. ಅವರು ಕನ್ನಡಕ ಏರಿಸಿಕೊಂಡು ನೆಕ್ಕನ್ನು ಒಂದು ಕಣ್ಣಿನಿಂದ ದಿಟ್ಟಿಸಿ, ತಂತಿ ಬಿಚ್ಚಿ, ಹಲಗೆಗೆ ಟೇಪು ಅಂಟಿಸಿ, ಸಣ್ಣ ಅರ ಹಿಡಿದು ಕೂತರು. 42 ತುದಿ, ಆರು ಗೀರು. ಎದ್ದಾಗ ಒಂದೂವರೆ ಗಂಟೆ ಕಳೆದಿತ್ತು. ಸುರಬಾಯಾದಲ್ಲೋ ಚಿಂಗ್‌ದಾವ್‌ನಲ್ಲೋ ಯಾರಿಗೋ ಸಿಗದ ಹೊತ್ತನ್ನು ಬೆಂಗಳೂರಿನ ಒಂದು ಮಹಡಿಯ ಕೋಣೆಯಲ್ಲಿ ಅವರು ಕೊಟ್ಟರು. ವಾದ್ಯ ಈಗ ಅದರ ಐದು ಪಟ್ಟು ಬೆಲೆಯದ್ದರ ಪಕ್ಕದಲ್ಲಿ ನಿಲ್ಲುತ್ತದೆ.

ಮಗಳಿಗೋ ಮಗನಿಗೋ ಗಿಟಾರ್ ಕೊಳ್ಳಲು ಹೊರಟಿದ್ದರೆ ಇಷ್ಟು ಮಾಡಿ. ತಲೆಯ ಹಿಂದೆ ಯಾವ ದೇಶದ ಹೆಸರಿದೆ ಎಂದು ನೋಡುವ ಮೊದಲು ನೆಕ್ಕಿನ ಎರಡೂ ಅಂಚಿಗೆ ಬೆರಳಾಡಿಸಿ. ಅದೇ ಮಾದರಿಯ ಇನ್ನೊಂದು ಇದ್ದರೆ ಇಳಿಸಿಕೊಡಿ ಎಂದು ಕೇಳಿ. ಮೊದಲ ಫ್ರೆಟ್ಟಿನಲ್ಲಿ ತಂತಿ ಒತ್ತಿ ನೋಡಲು ಮಗುವಿನ ಕೈಗೇ ಕೊಡಿ. ಎತ್ತಿಟ್ಟ ಹಣವನ್ನೆಲ್ಲ ಅಂಗಡಿಯಲ್ಲೇ ಸುರಿಯದೆ, ಎರಡು ಸಾವಿರ ರೂಪಾಯಿಯನ್ನಾದರೂ ಅರ ಹಿಡಿಯುವ ಕೈಗೆ ಉಳಿಸಿ.